ಸಂಘದ ಹೊಟ್ಟೆಗೆ ಹರಳೆಣ್ಣೆ

"ನಾನು ಬೇರೆಯಲ್ಲ, ವಿದ್ಯಾರ್ಥಿಗಳು ಬೇರೆಯಲ್ಲ! ನಾನೊಂದು ಹೋಳಿಗೆ ತಿಂದರೆ ಇಡೀ ವಿದ್ಯಾಪೀಠವೇ ತೇಗುತ್ತೆ!"

ತುಂಬಿದ ಆಸ್ಥಾನದಲ್ಲಿ ಹೀಗೆ ಎದೆ ತಟ್ಟಿಕೊಂಡವನು ಮುದ್ದುವೀರ, ಸಿರಿಗೊಂಡ ಪಟ್ಟಣದ ವಿದ್ಯಾಪೀಠದಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷ. ಅವನ ಜೊತೆ ಓದಲು ಬಂದವರೆಲ್ಲ ಪಂಡಿತರಾಗಿ, ಮದುವೆಯಾಗಿ, ಮಕ್ಕಳನ್ನೂ ಅದೇ ವಿದ್ಯಾಪೀಠಕ್ಕೆ ಸೇರಿಸಿದ್ದರು. ಇವನ ಓದು ಮಾತ್ರ ಮುಗಿದಿರಲಿಲ್ಲ. ಮುಗಿದರೆ ಅಧ್ಯಕ್ಷಗಿರಿ ಹೋಗುತ್ತಲ್ಲ!

ಹುಣ್ಣಿಮೆ ಹುಣ್ಣಿಮೆಗೆ ಅರಮನೆಯಿಂದ ವಿದ್ಯಾರ್ಥಿಗಳಿಗೆಂದು ಹೋಳಿಗೆ, ತುಪ್ಪ ಹೋಗುತ್ತಿತ್ತು. ಅದು ಸೀದಾ ಸಂಘದ ಕೋಣೆ ಸೇರುತ್ತಿತ್ತು. ಒಳಗಿನಿಂದ ಚಿಲಕ ಬೀಳುತ್ತಿತ್ತು. ಹೊರಗಿದ್ದವರ ಮೂಗಿಗೆ ತುಪ್ಪದ ಘಮ, ತಟ್ಟೆಗೆ ನೀರುಸಾರು.

ಕೆಂಚಣ್ಣ ಅನ್ನುವ ವಿದ್ಯಾರ್ಥಿ ಒಂದು ಸಲ ತಡೆಯಲಾರದೆ ಬಾಗಿಲು ಬಡಿದು, "ಅಣ್ಣಾ, ನಮ್ಮ ಹೋಳಿಗೆ?" ಅಂದುಬಿಟ್ಟ. ಅಷ್ಟೇ. ಮುದ್ದುವೀರ ಸಂಘದ ಸಭೆ ಕರೆದ.

ಆ ಸಭೆಯ ಪದ್ಧತಿಯೋ, ಕೇಳಬೇಡಿ! ಎಲ್ಲರೂ ಸ್ನಾನಕ್ಕೆ ಹೊಳೆಗೆ ಹೋದ ಹೊತ್ತು ನೋಡಿ, ಖಾಲಿ ಜಗಲಿಯ ಮೇಲೆ ನಿಂತು, "ಕೆಂಚಣ್ಣನನ್ನು ವಿದ್ಯಾಪೀಠದಿಂದ ಓಡಿಸೋಕೆ ಯಾರದಾದರೂ ವಿರೋಧ ಇದೆಯೇ?" ಅಂತ ಕೂಗುವುದು. ಜಗಲಿಯ ಕಂಬಗಳು ಏನೆಂದಾವು? "ಸುಮ್ಮನಿದ್ದವರೆಲ್ಲ ಒಪ್ಪಿದವರು!" ಅಂತ ತಾನೇ ಸಾರಿ, ತಾನೇ ಚಪ್ಪಾಳೆ ತಟ್ಟಿಕೊಳ್ಳುವುದು.

ಕೆಂಚಣ್ಣನೋ, ತನ್ನ ಹಟ್ಟಿಯಿಂದ ಅಕ್ಷರ ಕಲಿಯಲು ಬಂದ ಮೊದಲನೆಯವನು. ಬರಿಗೈಲಿ ಹೋಗಿ ಹಟ್ಟಿಯವರಿಗೆ ಮುಖ ತೋರಿಸುವುದು ಹೇಗೆ? ಓಡಿಹೋಗಿ ಆಸ್ಥಾನದ ಹಾಸ್ಯಗಾರ ಚಿಕ್ಕೀರಯ್ಯನ ಕಾಲು ಹಿಡಿದ. ಚಿಕ್ಕೀರಯ್ಯ ಅವನನ್ನು ದೊರೆಯ ಮುಂದೆ ನಿಲ್ಲಿಸಿದ. ದೊರೆ ಮುದ್ದುವೀರನನ್ನು ಕರೆಸಿ ಕೇಳಿದಾಗ ಬಂದ ಮಾತೇ ಆ ತೇಗಿನ ಮಾತು.

ದೊರೆ ಕಸ್ತೂರಿ ನಾಯಕ ತಲೆದೂಗಿದ. "ಮಾತಿನಲ್ಲಿ ಹುರುಳಿದೆ ಕಣಯ್ಯಾ." ಹಿತವಾಗದೆ ಏನು? ಪ್ರಜೆಗಳ ಹೆಸರಲ್ಲಿ ದಿನಕ್ಕೆ ಐದು ಸಲ ಉಣ್ಣುವ ದೊರೆ ಅವನು.

ಕೆಂಚಣ್ಣನ ಮುಖ ಬಾಡಿತು. ಚಿಕ್ಕೀರಯ್ಯ ಮಾತ್ರ ಮುಖ ಅರಳಿಸಿ, "ಎಂಥಾ ಮಾತು ಪ್ರಭು! ಡಂಗುರ ಹೊಡೆಸಿಬಿಡಿ. ಅಧ್ಯಕ್ಷರ ಹೊಟ್ಟೆಗೆ ಹೋದದ್ದು ಎಲ್ಲ ವಿದ್ಯಾರ್ಥಿಗಳ ಹೊಟ್ಟೆಗೂ ಹೋದಂತೆ. ತಪ್ಪಿದವರಿಗೆ ಛಡಿಯೇಟು," ಅಂದ.

"ನೋಡಿ, ಜಾಣರಿಗೆ ಅರ್ಥವಾಗುತ್ತೆ!" ಅಂತ ಮುದ್ದುವೀರ ಹಿಗ್ಗಿದ.

"ಹಾಗಾದರೆ ನಾನು?" ಅಂದ ಕೆಂಚಣ್ಣ.

"ನಾಳೆಯವರೆಗೆ ಗಂಟು ಕಟ್ಟಬೇಡ," ಅಂದ ಚಿಕ್ಕೀರಯ್ಯ.

ಸಂಜೆಗೆ ಡಂಗುರ ಊರೆಲ್ಲ ತಿರುಗಿತು. ಬೆಳಗಾಗುತ್ತಲೇ ದೊರೆಯ ಸವಾರಿ ವಿದ್ಯಾಪೀಠಕ್ಕೆ ಬಂತು. ಹಿಂದೆ ಅರಮನೆಯ ವೈದ್ಯರು. ಅವರ ಹಿಂದೆ ನಾಲ್ಕಾಳು ಹೊತ್ತ ದೊಡ್ಡ ಹಂಡೆ. ವರ್ಷಕ್ಕೊಮ್ಮೆ ಹೊಟ್ಟೆ ಶುದ್ಧಿಗೆಂದು ವಿದ್ಯಾರ್ಥಿಗಳಿಗೆಲ್ಲ ಒಂದೊಂದು ಒಳಲೆ ಹರಳೆಣ್ಣೆ ಕುಡಿಸುವುದು ಅಲ್ಲಿನ ವಾಡಿಕೆ. ಆ ದಿನ ಬಂತೆಂದರೆ ಮುದ್ದುವೀರನಿಗೆ ಪರವೂರಲ್ಲಿ ತಪ್ಪದೆ ಕೆಲಸ ಬರುತ್ತಿತ್ತು. ಈ ಸಲ ಚಿಕ್ಕೀರಯ್ಯ ಸುಳಿವು ಕೊಡದೆ, ಗೊತ್ತಾದ ದಿನಕ್ಕಿಂತ ಮುಂಚೆಯೇ ವೈದ್ಯರನ್ನು ಹೊರಡಿಸಿದ್ದ.

ವಿದ್ಯಾರ್ಥಿಗಳು ಮೂಗು ಹಿಂಡುತ್ತ ಸಾಲು ನಿಂತರು.

"ಏಯ್, ಯಾಕ್ರೋ ನಿಂತ್ರಿ? ಹೋಗಿ ಕೂತ್ಕೊಳ್ಳಿ!" ಅಂದ ಚಿಕ್ಕೀರಯ್ಯ. "ಅಧ್ಯಕ್ಷರೇ, ಬನ್ನಿ. ಎಲ್ಲರದ್ದೂ ನೀವೇ ಕುಡಿಯಿರಿ."

ಮುದ್ದುವೀರ ಹಂಡೆ ನೋಡಿದ. ಹಂಡೆಯೊಳಗೆ ಅವನ ಮುಖವೇ ಅಲುಗುತ್ತಿತ್ತು. "ಅದು... ಅವರವರ ಹೊಟ್ಟೆ ಅವರವರಿಗೆ ಅಲ್ವೇ ಸ್ವಾಮಿ?"

"ಹೋಳಿಗೆಗೆ ಒಂದೇ ಹೊಟ್ಟೆ, ಹರಳೆಣ್ಣೆಗೆ ಬೇರೆ ಬೇರೆ ಹೊಟ್ಟೆಯೋ? ಹಾಗಾದರೆ ತಿಂದ ಹೋಳಿಗೆ ಕಕ್ಕು!" ಅಂತ ದೊರೆ ಗದರಿದ. ಪಕ್ಕದಲ್ಲೇ ಛಡಿಯವನು ನಿಂತಿದ್ದ.

ಮುದ್ದುವೀರ ಕಣ್ಣು ಮುಚ್ಚಿ ಒಂದು ಒಳಲೆ ನುಂಗಿದ. ಇನ್ನೊಂದು ನುಂಗಿದ. ಮತ್ತೊಂದು ಬಾಯಿಗೆ ಬಿತ್ತು ನೋಡಿ, ಗಂಟಲು ಒಲ್ಲೆ ಅಂದಿತು. ನುಂಗಲಾರ. ದೊರೆಯ ಎದುರು ಉಗುಳಲಾರ. ಕೆನ್ನೆ ಎರಡೂ ಬುಗ್ಗೆಯಾಗಿ ಊದಿದವು.

ಚಿಕ್ಕೀರಯ್ಯ ಕಾದಿದ್ದದ್ದೇ ಅದಕ್ಕೆ. ಚಂಗನೆ ಜಗಲಿ ಹತ್ತಿದ.

"ಸಂಘದ ಸಭೆ ಕೂಡಿದೆ! ಕೆಂಚಣ್ಣ ಇಲ್ಲೇ ಓದಲಿ. ಹೋಳಿಗೆಯನ್ನು ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಲಿ. ಮುದ್ದುವೀರರು ಗಾದಿ ಇಳಿಯಲಿ. ಯಾರದಾದರೂ ವಿರೋಧ ಇದೆಯೇ?"

ವಿದ್ಯಾರ್ಥಿಗಳು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ಮುದ್ದುವೀರ ಎರಡೂ ಕೈ ಆಡಿಸಿದ.

"ಪಾಪ, ಚಪ್ಪಾಳೆ ತಟ್ಟೋಕೆ ಹೊರಟಿದ್ದಾರೆ," ಅಂದ ಚಿಕ್ಕೀರಯ್ಯ. "ಬಾಯಲ್ಲಂತೂ ಏನೂ ಹೇಳಲಿಲ್ಲ. ಏನ್ರಪ್ಪಾ, ಸುಮ್ಮನಿದ್ದವರೆಲ್ಲ?"

"ಒಪ್ಪಿದವರು!" ವಿದ್ಯಾರ್ಥಿಗಳ ಕೂಗಿಗೆ ಜಗಲಿಯ ಕಂಬ ಅದುರಿತು. ಗಾಬರಿಗೆ ಮುದ್ದುವೀರ ಗುಟುಕ್ ಅಂತ ನುಂಗಿದ. ನುಂಗಿದ್ದೇ ತಡ, ಹೊಟ್ಟೆಯೊಳಗೆ ಗುಡುಗಿತು. ಪಂಚೆ ಎತ್ತಿ ಕಟ್ಟಿ ಬೇಲಿಯಾಚೆ ಓಡಿದವನು ಮತ್ತೆ ಸಂಘದ ಕಡೆ ಬರಲಿಲ್ಲ.

ಕೆಂಚಣ್ಣ ಕಣ್ಣೊರೆಸಿಕೊಂಡು ಪಾಠಕ್ಕೆ ಹೊರಟ. ದೊರೆ ನಕ್ಕೂ ನಕ್ಕೂ ಕಿರೀಟ ಓರೆ ಮಾಡಿಕೊಂಡ. ಹೆಗಲ ಶಾಲು ತೆಗೆದು ಚಿಕ್ಕೀರಯ್ಯನಿಗೆ ಹೊದಿಸುತ್ತ, "ಭೇಷ್! ಸರಿ, ಉಳಿದ ಎಣ್ಣೆ ಏನು ಮಾಡೋಣ?" ಅಂದ.

"ಅರಮನೆಯಲ್ಲೇ ಇಡೋಣ ಪ್ರಭು. ಪ್ರಜೆಗಳ ಪರವಾಗಿ ಉಣ್ಣುವವರು ಅಲ್ಲೂ ಯಾರಾದರೂ ಇದ್ದರೆ ಬೇಕಾದೀತು."

ದೊರೆಯ ನಗು ಅರ್ಧಕ್ಕೇ ನಿಂತಿತು. ಅಂದು ಮಧ್ಯಾಹ್ನ ಅರಮನೆಯ ಪಂಕ್ತಿಯಲ್ಲಿ ದೊರೆ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳಲಿಲ್ಲವಂತೆ.