ಕರಿಹೊಂಡದ ರಸ್ತೆಯ ಸೊನ್ನೆಗಳು

ಹೊಳೆದಂಡೆಯಲ್ಲಿ ತೋಂಟಯ್ಯ ಗುರುಗಳ ಆಶ್ರಮ. ಆಶ್ರಮ ಅಂದರೇನು, ಎರಡು ಕೋಣೆ, ಒಂದು ಹೊಂಗೆಮರ, ಮುಂದೆ ಡಾಂಬರು ರಸ್ತೆ. ಅಷ್ಟೇ ಅನ್ನಿ.

ಒಂದು ಬೆಳಿಗ್ಗೆ ಶಿಷ್ಯ ಗಿರಿಮಲ್ಲ ಬಂದ. ಮುಖ ಊರಗಲ. ಜಿಲ್ಲೆಯ ರಸ್ತೆಗಳಲ್ಲಿ ಗಾಡಿ ಎಣಿಸುವ ಯಂತ್ರ ಹೂತಿದ್ದಾರಲ್ಲ, ಅವು ವರ್ಷಗಟ್ಟಲೆ ಕಳಿಸಿದ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ಕಾಪಾಡುವುದು ಅವನ ಕೆಲಸ.

“ಗುರುಗಳೇ, ಲೆಕ್ಕದ ಇಡೀ ಉಗ್ರಾಣ ಚೊಕ್ಕಟ ಮಾಡಿದೆ! ಎಲ್ಲೆಲ್ಲಿ ಲೆಕ್ಕ ಖಾಲಿ ಇತ್ತೋ ಅಲ್ಲೆಲ್ಲ ಸೊನ್ನೆ ತುಂಬಿದೆ. ಈಗ ಒಂದು ತೂತೂ ಇಲ್ಲ.”

“ಭೇಷ್. ಖಾಲಿ ಯಾಕಿತ್ತು?”

“ಯಂತ್ರ ಕೆಟ್ಟಿರುತ್ತೆ, ನೀರು ನುಗ್ಗಿರುತ್ತೆ. ಅದು ಬಿಡಿ. ಸಾಹೇಬರು ಬೆನ್ನು ತಟ್ಟಿದರು. ಈ ಲೆಕ್ಕ ನೋಡಿಯೇ ನಾಳೆ ಕರಿಹೊಂಡದ ರಸ್ತೆಯನ್ನ ರಿಪೇರಿ ಪಟ್ಟಿಯಿಂದ ತೆಗೀತಾರೆ. ಮಳೆಗಾಲ ಪೂರ್ತಿ ಅಲ್ಲಿ ಒಂದು ಗಾಡಿಯೂ ಓಡಾಡಿಲ್ಲ.”

“ಆ ಊರಿನ ಬಸುರಿಯರು ಆಸ್ಪತ್ರೆಗೆ ಹೇಗೆ ಹೋದರಪ್ಪ?”

“ಹೋಗೇ ಇಲ್ಲ ಗುರುಗಳೇ. ಲೆಕ್ಕ ಹೇಳುತ್ತಲ್ಲ!”

ಗುರುಗಳು ಕಟ್ಟೆಯ ಮೇಲೆ ಕೂತರು. ಹೆಗಲ ಮೇಲಿನ ಟವೆಲ್ ತೆಗೆದು ತಲೆ, ಮುಖ, ಕಿವಿ ಎಲ್ಲ ಸುತ್ತಿಕೊಂಡರು.

“ಇವತ್ತು ಗಾಡಿ ನಾನು ಎಣಿಸ್ತೀನಿ ತಮ್ಮಾ. ನೀನು ಬರಕೋ.”

ಬಸ್ಸು ಹೋಯಿತು, ಹಾರನ್ ಬಾರಿಸುತ್ತ. ಕಬ್ಬಿನ ಟ್ರ್ಯಾಕ್ಟರ್ ಹೋಯಿತು. ಒಂದು ಸ್ಕೂಟರಿನಲ್ಲಿ ಮೂವರು ಹೋದರು, ಜೊತೆಗೊಂದು ಆಡು.

ಗಿರಿಮಲ್ಲ ಗುರುಗಳ ಕಿವಿಯ ಹತ್ತಿರ ಬಗ್ಗಿ ಕೂಗಿದ: “ಎಷ್ಟಾಯ್ತು?”

“ಸೊನ್ನೆ.”

ಅವನಿಗೆ ನಗು ತಡೆಯಲಾಗಲಿಲ್ಲ. “ಮುಸುಕು ಹಾಕ್ಕೊಂಡು ಎಣಿಸಿದರೆ ಇನ್ನೇನಾಗುತ್ತೆ? ಬಸ್ಸಿನ ಹಾರನ್ನಿಗೆ ಮರದ ಕಾಗೆಗಳೆಲ್ಲ ಎದ್ದು ಹೋದವು!”

“ಕಾಗೆ ಲೆಕ್ಕ ಯಾರು ಕೇಳಿದರು? ಸೊನ್ನೆ ಬರಿ.”

“ಕಣ್ಣೆದುರು ಹೋಗಿದ್ದನ್ನ ಹೇಗೆ...” ಅಂದವನು ಅಲ್ಲಿಗೇ ನಿಲ್ಲಿಸಿದ.

ನಗು ಇಳಿಯಿತು. ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಹಳೇ ಪ್ರತಿ ಹಾಗೇ ಇಟ್ಟಿದ್ದೀನಿ ಗುರುಗಳೇ. ಈಗಲೇ ಹೋಗಿ ಸೊನ್ನೆ ಎಲ್ಲ ಕಿತ್ತುಹಾಕ್ತೀನಿ. ಪಟ್ಟಿಗೆ ಸಹಿ ಬೀಳೋದು ನಾಳೆ ತಾನೆ.”

“ಹೋಗು ಮತ್ತೆ.”

ಗಿರಿಮಲ್ಲ ಎರಡು ಹೆಜ್ಜೆ ಇಟ್ಟು ತಿರುಗಿ ಬಂದ. “ಕರಿಹೊಂಡದಲ್ಲಿ ಎಷ್ಟು ಗಾಡಿ ಅಂತ ಸಾಹೇಬರು ಕೇಳ್ತಾರೆ. ಇಷ್ಟು ವರ್ಷ ಲೆಕ್ಕ ಕಾಯ್ದವನು ಗೊತ್ತಿಲ್ಲ ಅಂದರೆ ಎಲ್ಲರ ಮುಂದೆ ಮಾನ ಹೋಗುತ್ತೆ. ಒಂದು ಅಂದಾಜು ಹಾಕಿಬಿಡಲೇ?”

ಗುರುಗಳು ಮುಸುಕು ತೆಗೆದು ಬೆವರು ಒರೆಸಿಕೊಂಡರು.

“ಗೊತ್ತಿಲ್ಲದ್ದನ್ನ ಖಾಲಿ ಬಿಡೋದಕ್ಕೆ ಆ ಯಂತ್ರ ನಾಚಿಕೊಳ್ಳಲಿಲ್ಲವಲ್ಲ ತಮ್ಮಾ.”