ಕೆರೆಗೆ ದಾರಿ ಮಾಡಿದವನು

"ಕೇಳಿರಪ್ಪೋ ಕೇಳಿ, ಅರಮನೆಯ ಕೆರೆಯಲ್ಲಿ ಮೀನು ಸಾಯುತ್ತಿವೆ. ರಾಜಕುಮಾರಿ ಪದ್ದಲದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆ ಎರೆದು ಕೊಡಲಾಗುವುದು. ತಪ್ಪಿದವನ ತಲೆ ಹೋಗುವುದು."

ಡಂಗುರ ಕೇಳಿ ಮಾಚರಸ ಮೀಸೆ ತಿರುವಿದ. ಗುಡ್ಡದ ನೆತ್ತಿಯಿಂದ ಕೆರೆಯಂಚಿನವರೆಗೆ ದಾರ ಹಿಡಿದಂತೆ ನೆಟ್ಟಗೆ ಉಳುವುದು ಆ ನಾಡಿನ ಹೆಮ್ಮೆ. ಪ್ರತಿವರ್ಷದ ಪಂದ್ಯದಲ್ಲಿ ಬಹುಮಾನ ಅವನದೇ. ಆದರೂ ಹೊಟ್ಟೆಯೊಳಗೊಂದು ಉರಿ. ಪಕ್ಕದ ಹೊಲದ ಬೊಪ್ಪ, ಮೈಮೇಲೆ ನೆಟ್ಟಗೊಂದು ಬಟ್ಟೆಯಿಲ್ಲದವನು, ಇಳಿಜಾರಿಗೆ ಅಡ್ಡವಾಗಿ ಡೊಂಕು ಸಾಲು ಹೊಡೆಯುತ್ತಿದ್ದ. ಊರೆಲ್ಲ ನಗುತ್ತಿತ್ತು. ರಾಜಕುಮಾರಿ ಮಾತ್ರ ಆ ಹೊಲದ ಮುಂದೆ ಪಲ್ಲಕ್ಕಿ ನಿಲ್ಲಿಸಿ ನೋಡಿದ್ದಳು. ಅದು ಮಾಚರಸನಿಗೆ ಇವತ್ತಿಗೂ ಅರಗಿರಲಿಲ್ಲ.

ಸಭೆಯಲ್ಲಿ ಪದ್ದಲದೇವಿ ಕೇಳಿದಳು: "ಕಳೆ ಸಾಯಲೆಂದು ಹೊಲಕ್ಕೆ ಎರಚಿದ ಮದ್ದು ನನ್ನ ಕೆರೆಗೆ ಬರುತ್ತದೆ. ಹೊತ್ತು ತರುವವನಿಗೆ ಕಾಲಿಲ್ಲ. ಅವನಿಗೆ ದಾರಿ ಮಾಡಿಕೊಟ್ಟವನಿಗೆ ಬಹುಮಾನ. ಇಬ್ಬರೂ ಯಾರು?"

"ದೋಣಿ, ಅಂಬಿಗ" ಎಂದ ಸೆಟ್ಟಿಯ ಮಗ. ಭಟರು ಅವನ ಕೈ ಕಟ್ಟಿದರು.

"ಹಾವು, ಹಾವಾಡಿಗ" ಎಂದ ಮಾಚರಸ, ಧೈರ್ಯವಾಗಿಯೇ. ಅವನ ಕೈಗೂ ಹಗ್ಗ ಬಿತ್ತು.

ಆಮೇಲೆ ಬೊಪ್ಪ ಮುಂದೆ ಬಂದ. ಮಾಚರಸನಿಗೆ ತನ್ನ ತಲೆಯ ಚಿಂತೆ ಹಿಂದಾಯಿತು. ಇವನೂ ಸೋಲಲಿ ಎನ್ನುವುದೊಂದೇ ಮುಂದಾಯಿತು.

"ಮಳೆನೀರು, ತಾಯಿ" ಎಂದ ಬೊಪ್ಪ. "ದಾರಿ ಮಾಡ್ಕೊಟ್ಟೋರು ನೆಟ್ಟಗೆ ಉಳೋರು. ಮದ್ದು ಹಾಕಿದ ಮಾರನೇ ದಿನ ಮಳೆ ಹೊಡೆದ್ರೆ ಸಾಲುಗುಂಟ ಜಾರಿ ಕೆರೆ ಸೇರ್ತದೆ. ಮೋಡ ಕಂಡ ದಿನ ನಾನು ಮದ್ದು ಮುಟ್ಟಲ್ಲ."

ಸಭೆಯ ಕಣ್ಣೆಲ್ಲ ಮಾಚರಸನ ಮೇಲೆ ತಿರುಗಿದವು. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಓಡುವವನನ್ನು ಹೊಡೆಯದೆ ಬಡಿಯದೆ ಕೂರಿಸಿಕೊಳ್ಳುವುದು ಯಾವುದು?" ರಾಜಕುಮಾರಿ ಎರಡನೆಯದು ಕೇಳಿದಳು.

"ಅಡ್ಡ ಸಾಲು. ಓಡೋ ನೀರು ಅದರಲ್ಲಿ ಕೂತು ಇಂಗ್ತದೆ, ಮದ್ದು ಹೊಲದಲ್ಲೇ ಉಳೀತದೆ."

"ನೀವೆಲ್ಲ ಕಿತ್ತೆಸೆಯುವ ಬಡವಿ ನನ್ನ ಕೆರೆಗೆ ಕಾವಲು. ಯಾರವಳು?"

ಬೊಪ್ಪ ತಲೆ ಕೆರೆದುಕೊಂಡ. ಆ ಹೊತ್ತು ಮಾಚರಸನಿಗೆ ಎಷ್ಟು ಸುಖವಾಯಿತೆಂದರೆ ಕಟ್ಟಿದ ಹಗ್ಗವೂ ನೋಯಲಿಲ್ಲ.

"ಗರಿಕೆ ಹುಲ್ಲು, ತಾಯಿ" ಎಂದ ಬೊಪ್ಪ ಮೆಲ್ಲಗೆ. "ಹೊಲದ ಕೆಳಬದಿ ಹತ್ತು ಮಾರು ಹುಲ್ಲು ಬಿಟ್ಟಿದೀನಿ. ಹರಿದು ಬಂದ ಮಣ್ಣು, ಮದ್ದು ಅಲ್ಲೇ ಸಿಕ್ಕಿಕೊಳ್ತವೆ."

ಪದ್ದಲದೇವಿ ನಕ್ಕಳು. ಮದುವೆಯ ಜೊತೆಗೆ ಇನ್ನೇನು ಬೇಕೆಂದು ರಾಜ ಕೇಳಿದ.

"ಇವರಿಬ್ಬರ ಹಗ್ಗ ಬಿಚ್ಚಿಸಿ, ಬುದ್ಧಿ. ಮಾಚರಸಣ್ಣನಷ್ಟು ಗಟ್ಟಿಯಾಗಿ ನೇಗಿಲು ಹಿಡಿಯೋರು ಈ ನಾಡಲ್ಲಿಲ್ಲ. ಅಡ್ಡ ಸಾಲಿಗೆ ಅಂಥ ಕೈ ಬೇಕು."

ಹೀಗೆ ತಲೆ ಉಳಿಯಿತು. ಮುಂದಿನ ಮಳೆಗೆ ನಾಡೆಲ್ಲ ಅಡ್ಡ ಉತ್ತಿತು, ಕೆರೆಗೆ ಮೀನು ಮರಳಿದವು. ಎಲ್ಲರಿಗಿಂತ ಚೆಂದ ಉತ್ತವನು ಮಾಚರಸನೇ. ದಾರಿಹೋಕರು ಅವನ ಹೊಲದ ಮುಂದೆ ನಿಂತು ಮನಸಾರೆ ಹೊಗಳುತ್ತಿದ್ದರು: "ಆಹಾ, ಬೊಪ್ಪನ ಸಾಲು ಅಂದರೆ ಹೀಗಿರಬೇಕು."