ಇಬ್ಬರೂ ಹೇಳದ ಬೆಲೆ

ಬುಧವಾರ ನಸುಕಿನಲ್ಲಿ ಫಕ್ಕೀರಪ್ಪ ಎಂದಿನಂತೆ ಹೆಗಲಿಗೆ ಟವೆಲ್ ಹಾಕಿಕೊಂಡು ಕರೇಕೊಪ್ಪದ ಬಸ್ ನಿಲ್ದಾಣಕ್ಕೆ ಬಂದ. ಐದೂವರೆಯ ಬಸ್ಸು ಬರಲಿಲ್ಲ. ಬಹಳ ಹೊತ್ತು ಕಾದ. ಕೊನೆಗೆ ಚಹಾದಂಗಡಿಯವನು ಕೂಗಿ ಹೇಳಿದ:

"ಕಾಕಾ, ಅದು ಇನ್ನ ಮ್ಯಾಲೆ ಬರಂಗಿಲ್ಲ. ವ್ಯಾಳೆ ಬದಲಾಗೇತಿ. ಮೊದಲನೇ ಬಸ್ಸು ಒಂಬತ್ತಕ್ಕ."

ಫಕ್ಕೀರಪ್ಪ ದನದ ಸಂತೆಯ ದಲ್ಲಾಳಿ. ದನದ ವ್ಯಾಪಾರ ಬೆಳಗಿನ ತಂಪಿನಲ್ಲಿ ನಡೆಯುತ್ತದೆ. ಒಳ್ಳೆಯ ಜೋಡಿ ಬಿಸಿಲೇರುವ ಮೊದಲೇ ಕೈ ಬದಲಾಗಿರುತ್ತದೆ. ಒಂಬತ್ತರ ಬಸ್ಸಿಗೆ ಹೋದವನಿಗೆ ಸಂತೆಯಲ್ಲಿ ಸಿಗುವುದು ಸೆಗಣಿ ಮತ್ತು ಧೂಳು. ಹೀಗಾಗಿ ಬಸ್ಸಿನ ವೇಳೆ ಬದಲಾದ ದಿನವೇ ಅವನ ಕಸುಬು ಕೈಬಿಟ್ಟು ಹೋಗುವಂತಾಯಿತು.

ಆ ಕಸುಬಿನ ರೀತಿಯನ್ನು ಇಲ್ಲಿ ಹೇಳಬೇಕು. ಸಂತೆಯಲ್ಲಿ ಎತ್ತು ಕೊಳ್ಳುವವನೂ ಮಾರುವವನೂ ಒಬ್ಬರ ಜೊತೆ ಒಬ್ಬರು ಬೆಲೆ ಮಾತಾಡುವುದಿಲ್ಲ. ದಲ್ಲಾಳಿ ತನ್ನ ಟವೆಲನ್ನು ಕೈ ಮೇಲೆ ಹಾಸಿ, ಅದರ ಕೆಳಗೆ ಮೊದಲು ಒಬ್ಬನ ಬೆರಳು ಹಿಡಿಯುತ್ತಾನೆ, ಆಮೇಲೆ ಇನ್ನೊಬ್ಬನದು. ಬೆರಳಿನ ಲೆಕ್ಕದಲ್ಲೇ ಬೆಲೆ ಏರುತ್ತದೆ, ಇಳಿಯುತ್ತದೆ, ಕುದುರುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನಡುವೆ ಯಾರಾದರೂ ಬಾಯಿಬಿಟ್ಟು ಬೆಲೆ ಕೇಳಿದರೆ ದಲ್ಲಾಳಿಗೆ ಅವಮಾನ. ಫಕ್ಕೀರಪ್ಪ ಹರೆಯದಿಂದ ಇದನ್ನೇ ಮಾಡಿಕೊಂಡು ಬಂದವನು. ಅವನ ಮಾತು ನಂಬಿ ಕೆಟ್ಟವರಿಲ್ಲ ಎಂದು ಸಂತೆಯಲ್ಲಿ ಹೆಸರಿತ್ತು.

"ಒಂದು ಗಾಡಿ ತಗೋರಿ," ಎಂದಳು ಹೆಂಡತಿ ಗಂಗವ್ವ. "ಹಳೇದಾದ್ರೂ ಅಡ್ಡಿಯಿಲ್ಲ. ಎಮ್ಮಿ ಮಾರೋಣು. ಸಂತಿ ಬಿಟ್ಟು ಮನ್ಯಾಗ ಕುಂತ್ರಿ ಅಂದ್ರ ನನ್ನ ತಲಿ ತಿಂತೀರಿ."

ಎಮ್ಮೆ ಮಾರಿದರು. ಹಣ ಬ್ಯಾಂಕಿನಲ್ಲಿಟ್ಟರು. ಫಕ್ಕೀರಪ್ಪ ಹಳೆಯ ಗಾಡಿಗಳ ಜಾಹೀರಾತು ಬರುವ ಜಾಗವನ್ನು ಮೊಬೈಲಿನಲ್ಲಿ ಹುಡುಕಿದ. ರಾಣೆಬೆನ್ನೂರಿನ ಒಂದು ಕಪ್ಪು ಮೋಟಾರ್ ಸೈಕಲ್ ಕಣ್ಣಿಗೆ ಬಿತ್ತು. ಒಂದು ಗೀರೂ ಇಲ್ಲ. ಬೆಲೆ ಮೂವತ್ತೆಂಟು ಸಾವಿರ. ಅಂಥ ಗಾಡಿಗೆ ಅದು ಕಡಿಮೆ. ಫೋನ್ ಮಾಡಿದ.

ಆ ಕಡೆಯ ದನಿ ಮೆತ್ತಗಿತ್ತು. "ನಾನು ಪ್ರವೀಣ್ರಿ. ಗಾಡಿ ನಮ್ಮ ಸೋದರತ್ತೀದು. ನಮ್ಮ ಮಾವಾರು ಹೋದ ಚಳಿಗಾಲದಾಗ ತೀರಿಕೊಂಡ್ರು. ಗಾಡಿ ಕಣ್ಣಿಗೆ ಬಿದ್ರ ಆಕಿ ಅಳತಾಳ, ಅದಕ್ಕ ಲಗೂನ ಮಾರಾಕತ್ತೀವಿ. ಹೋಗಿ ನೋಡ್ರಿ, ಓಡಿಸ್ರಿ. ಒಂದ ಮಾತು. ಆಕಿ ಮುಂದ ರೊಕ್ಕದ ಮಾತು ಎತ್ತಬ್ಯಾಡ್ರಿ. ಗಂಡನ ಗಾಡಿಗೆ ಬೆಲಿ ಕಟ್ಟಿದ್ರ ಆಕಿ ತಡಕೊಳ್ಳಂಗಿಲ್ಲ. ವ್ಯವಹಾರ ನಾನು, ನೀವು."

ಬೇರೆ ಯಾರಿಗಾದರೂ ಈ ಮಾತು ಕೇಳಿ ಒಂದು ಸಣ್ಣ ಅನುಮಾನ ಬರುತ್ತಿತ್ತೇನೊ. ಫಕ್ಕೀರಪ್ಪನಿಗೆ ಬರಲಿಲ್ಲ. ಅವನಿಗೆ ಇದು ಪದ್ಧತಿ ಬಲ್ಲ ಮನುಷ್ಯನ ಮಾತಿನಂತೆ ಕೇಳಿಸಿತು. ನಡುವೆ ಒಬ್ಬ ನಿಂತು ವ್ಯಾಪಾರ ಮುಗಿಸುತ್ತಾನೆ, ಉಳಿದವರು ಸುಮ್ಮನಿರುತ್ತಾರೆ. ಜೊತೆಗೆ ಅದು ಸಾವಾದ ಮನೆ.

ಈಗ ಗಾಡಿಯ ನಿಜವಾದ ಒಡತಿಯ ವಿಷಯ. ಅವಳ ಹೆಸರು ನೀಲಮ್ಮ. ಗಂಡ ಮಹಾರುದ್ರಪ್ಪ ನೀರಿನ ಪಂಪ್ ಹೌಸಿನಲ್ಲಿ ಕೆಲಸಕ್ಕಿದ್ದವನು. ಅವನು ಹೋದ ಮೇಲೆ ಅವಳು ಗಾಡಿಯ ಆರ್.ಸಿ.ಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ನಲವತ್ತೈದು ಸಾವಿರಕ್ಕೆ ತಾನೇ ಜಾಹೀರಾತು ಹಾಕಿದ್ದಳು. ಹಾಕಿದ ದಿನವೇ ಪ್ರವೀಣನ ಫೋನ್ ಬಂದಿತ್ತು.

"ಒಂದು ರೂಪಾಯಿನೂ ಚೌಕಾಶಿ ಮಾಡಂಗಿಲ್ರಿ ಅಕ್ಕಾರ. ನೀವು ಜಾಹೀರಾತು ತೆಗದುಬಿಡ್ರಿ. ನಮ್ಮ ಸೋದರಮಾವ ಬಂದು ಗಾಡಿ ನೋಡತಾನ. ಇದು ನಾನು ಆತಗ ಕೊಡೋ ಉಡುಗೊರಿ. ಬೆಲಿ ಕೇಳಿದ್ರ ಬ್ಯಾಡ ಅಂದುಬಿಡತಾನ, ಭಾಳ ಸ್ವಾಭಿಮಾನಿ. ಅದಕ್ಕ ಆತನ ಮುಂದ ಬೆಲಿ ಮಾತ್ರ ಹೇಳಬ್ಯಾಡ್ರಿ."

ನೀಲಮ್ಮ ಜಾಹೀರಾತು ತೆಗೆದಳು. ಪ್ರವೀಣ ಅವೇ ಫೋಟೊಗಳನ್ನು ತನ್ನ ಹೆಸರಿನಲ್ಲಿ, ಕಡಿಮೆ ಬೆಲೆಗೆ ಹಾಕಿದ. ಅದನ್ನು ನೋಡಿದವನು ಫಕ್ಕೀರಪ್ಪ.

ಶುಕ್ರವಾರ ಫಕ್ಕೀರಪ್ಪ ನೀಲಮ್ಮನ ಮನೆಯ ಅಂಗಳದಲ್ಲಿ ನಿಂತ.

"ನಮಸ್ಕಾರ್ರಿ ಅಕ್ಕಾರ. ಗಾಡಿ ನೋಡಾಕ ಬಂದೀನ್ರಿ."

"ಬರ್ರಿ ಅಣ್ಣಾರ, ಪ್ರವೀಣ ಹೇಳ್ಯಾನ. ಮೊದಲ ಚಹಾ ಕುಡೀರಿ."

ಅವಳು ಗಾಡಿಯ ಮೇಲಿನ ಹಳೆಯ ದುಪ್ಪಟಿ ತೆಗೆದಳು. ಫಕ್ಕೀರಪ್ಪ ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿ ಚೈನು, ಟಯರು, ಬ್ರೇಕು ನೋಡಿದ. ನಂಬರ್ ಪ್ಲೇಟಿಗೆ ಆರ್.ಸಿ. ಹಿಡಿದು ಹೊಂದಿಸಿದ. ಆರ್.ಸಿ.ಯಲ್ಲಿ ನೀಲಮ್ಮ ಎಂದಿತ್ತು. ಎಲ್ಲ ಸರಿಯಾಗಿತ್ತು.

"ಚೋಕ್ ಸ್ವಲ್ಪ ಎಳದು ಹಚ್ರಿ," ಎಂದಳು ನೀಲಮ್ಮ. "ಹತ್ತಿದ ಕೂಡಲೇ ಓಡಸಬ್ಯಾಡ್ರಿ. ನಮ್ಮ ಮನಿಯವ್ರು ಅದು ಬಿಸಿ ಆಗೂ ತನಕ ಬಾಜೂಕ ನಿಂತು ಎಲಿ ಅಡಕಿ ಹಾಕ್ಕೊತಿದ್ರು."

"ಚಲೋ ಸಾಕ್ಯಾರ್ರಿ ಗಾಡಿನ್ನ."

"ಹೌದ್ರಿ."

ಅವನು ಗಾಡಿ ಹಚ್ಚಿ, ಬಿಸಿಯಾಗುವ ತನಕ ಕಾದ. ಓಣಿಯ ಕೊನೆಯವರೆಗೆ ಓಡಿಸಿಕೊಂಡು ಬಂದ. ಚಹಾ ಕುಡಿದರು.

"ಪ್ರವೀಣ ಭಾಳ ಸಂಭಾವಿತ ಹುಡುಗ್ರಿ," ಎಂದಳು ನೀಲಮ್ಮ, ಮಾವನಿಗೆ ಖುಷಿಯಾಗಲೆಂದು.

"ಭಾಳ ಒಳ್ಳೆಯಾಂವ್ರಿ," ಎಂದ ಫಕ್ಕೀರಪ್ಪ, ಅತ್ತೆಗೆ ಸಮಾಧಾನವಾಗಲೆಂದು.

ಬೆಲೆ ಇಬ್ಬರ ನಾಲಿಗೆಯ ಮೇಲೂ ಇತ್ತು. ಇಬ್ಬರೂ ಹೇಳಲಿಲ್ಲ. ಒಬ್ಬರು ಹೇಳಿದ್ದರೆ ಇನ್ನೊಬ್ಬರ ಹುಬ್ಬು ಏರುತ್ತಿತ್ತು, ಮೋಸ ಅಲ್ಲಿಗೇ ಮುಗಿಯುತ್ತಿತ್ತು.

ಫಕ್ಕೀರಪ್ಪ ಗೇಟಿನ ಹೊರಗೆ ಹೋಗಿ ಪ್ರವೀಣನಿಗೆ ಫೋನ್ ಮಾಡಿದ. ಹಣ ಕಳಿಸುವಾಗ ಮೊಬೈಲಿನಲ್ಲಿ ಬೇರೆ ಯಾವುದೋ ಹೆಸರು ಬಂತು. ಅದು ಪ್ರವೀಣ ಎಂದೂ ಇರಲಿಲ್ಲ, ನೀಲಮ್ಮ ಎಂದೂ ಇರಲಿಲ್ಲ.

"ಅದು ನನ್ನ ಗೆಳೆಯನ ಖಾತೆರಿ, ನನ್ನದು ಬಂದ್ ಆಗೇತಿ," ಎಂದ ಪ್ರವೀಣ. "ಲಗೂನ ಹಾಕ್ರಿ, ಇನ್ನೊಬ್ರು ಕೇಳಾಕತ್ಯಾರ."

ಫಕ್ಕೀರಪ್ಪ ಎಮ್ಮೆಯ ಹಣವನ್ನು ಹಾಕಿದ. ಮರಳಿ ಅಂಗಳಕ್ಕೆ ಬಂದು ಗಾಡಿ ಏರಿದ. ಕೀಲಿ ಅದರಲ್ಲೇ ಇತ್ತು.

"ಹಂಗಾರ ಬರ್ಲೇನ್ರಿ ಅಕ್ಕಾರ?"

"ನಿಲ್ರಿ ಅಣ್ಣಾರ. ರೊಕ್ಕ ಬಂದ ಮೆಸೇಜ್ ಇನ್ನೂ ಬಂದಿಲ್ಲ."

"ಬರತೈತ್ರಿ. ನಾ ಪ್ರವೀಣಗ ಹಾಕೀನಿ."

"ಅವನಿಗ್ಯಾಕ ಹಾಕಿದ್ರಿ? ಕೊಳ್ಳಾಂವ ಅವನಲ್ಲೇನ್ರಿ?"

"ಅಂವ ಕೊಳ್ಳಾಂವಲ್ರೀ, ಮಾರಾಂವ! ನಿಮ್ಮ ಅಳಿಯ!"

"ನನಗೆಲ್ಲಿ ಅಳಿಯ ಅದಾನ? ಅಂವ ನಿಮ್ಮ ಅಳಿಯ ಅಲ್ಲೇನು?"

ಫಕ್ಕೀರಪ್ಪ ಪ್ರವೀಣನಿಗೆ ಮತ್ತೆ ಫೋನ್ ಮಾಡಿದ. ಸ್ವಿಚ್ ಆಫ್. ಅವನ ಮುಖ ಕೆಂಪಾಯಿತು. ಎಮ್ಮೆ ಹೋಗಿತ್ತು, ಹಣ ಹೋಗಿತ್ತು, ಸಂತೆಯೂ ಹೋಗುವುದರಲ್ಲಿತ್ತು. ದನಿ ಏರಿಸಿದ.

"ಇಬ್ಬರೂ ಕೂಡಿ ಆಟ ಹೂಡೀರಿ! ಗಂಡ ಸತ್ತಾನಂತ ಅಳೋದು ಬ್ಯಾರೆ ನಾಟಕ!"

"ನಾನೆಲ್ಲಿ ಅತ್ತೇನ್ರಿ ನಿಮ್ಮ ಮುಂದ?" ಎಂದಳು ನೀಲಮ್ಮ. "ನೀವು ಅವನ ಕಡೆಯವ್ರಲ್ಲ ಅಂತ ನಾ ಹೆಂಗ ನಂಬಲಿ? ರೊಕ್ಕ ಇಲ್ಲದ ಗಾಡಿ ಹೊಡಕೊಂಡ ಹೊಂಟೀರಿ."

ಓಣಿಯ ಜನ ಸೇರಿದರು. ಒಬ್ಬೊಬ್ಬರು ಒಂದೊಂದು ಹೇಳಿದರು. ಎದುರು ಮನೆಯ ಟೇಲರ್ ಫಕ್ಕೀರಪ್ಪನ ಕಿವಿಯ ಹತ್ತಿರ ಬಂದು, "ಕೀಲಿ ನಿನ್ನ ಕೈಯಾಗ ಐತೆಲ್ಲೊ ಯಜಮಾನ. ರೊಕ್ಕ ಕೊಟ್ಟೀ. ಹೊಡಕೊಂಡ ನಡಿ. ಆಮ್ಯಾಲೆ ಆಕಿ ಬೇಕಾದ್ರ ಪೊಲೀಸರ ಕಡೆ ಹೋಗಲಿ," ಎಂದ.

ಫಕ್ಕೀರಪ್ಪ ಒಂದು ಕ್ಷಣ ಅದನ್ನೂ ಯೋಚಿಸಿದ. ಗಾಡಿ ಕೆಳಗಿತ್ತು, ಇಂಜಿನ್ ಬಿಸಿಯಾಗಿತ್ತು. ಆಮೇಲೆ ಕೇಳಿದ: "ಅಕ್ಕಾರ, ಈ ಗಾಡಿಗೆ ನೀವು ಎಷ್ಟು ಹೇಳಿದ್ರಿ ಅವಂಗ?"

"ನಲವತ್ತೈದು."

"ನನಗ ಮೂವತ್ತೆಂಟು ಅಂದಾನ."

ಆ ಅಂಗಳದಲ್ಲಿ ಬೆಲೆಯ ಮಾತು ಬಂದದ್ದು ಅದೇ ಮೊದಲು. ಇಬ್ಬರೂ ಮೊಬೈಲು ತೆಗೆದು ನೋಡಿದರು. ಎರಡರಲ್ಲೂ ಒಂದೇ ನಂಬರು. ಇಬ್ಬರಿಗೂ ಒಂದೇ ಎಚ್ಚರಿಕೆ: ಆ ಕಡೆಯವರ ಮುಂದೆ ಬೆಲೆ ಎತ್ತಬೇಡಿ.

ಫಕ್ಕೀರಪ್ಪ ಗಾಡಿಯಿಂದ ಇಳಿದು ಕೀಲಿಯನ್ನು ನೀಲಮ್ಮನ ಕೈಗೆ ಕೊಟ್ಟ.

"ತಪ್ಪಾತ್ರಿ," ಎಂದ. "ಟವೆಲ್ಲಿನ ಕೆಳಗ ನಾ ಯಾರ ಕೈ ಹಿಡೀತೀನೊ ಅವರಿಗೆ ನನ್ನ ಮನಿ ಗೊತ್ತು, ನಮ್ಮಪ್ಪನ ಹೆಸರು ಗೊತ್ತು. ಇವನ ಮಾರಿನೂ ನಾ ನೋಡಿಲ್ಲ. ಆದ್ರೂ ಇವನ ಕೈಯಾಗ ಬೆರಳು ಕೊಟ್ಟೆ."

ನೀಲಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಅವಳದೇನೂ ಹೋಗಿರಲಿಲ್ಲ. ಅವಳು ಚಪ್ಪಲಿ ಮೆಟ್ಟಿ ಅವನ ಜೊತೆ ಪೊಲೀಸ್ ಠಾಣೆಗೆ ನಡೆದಳು. ದಾರಿಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ ೧೯೩೦ಕ್ಕೆ ಫೋನ್ ಮಾಡಿ, ಹಣ ಹೋದ ವಿವರವನ್ನು ಫಕ್ಕೀರಪ್ಪನ ಬಾಯಿಂದ ಹೇಳಿಸಿದಳು. ಠಾಣೆಯಲ್ಲಿ ತನ್ನ ಮೊಬೈಲನ್ನೂ ತೋರಿಸಿದಳು.

"ಹಣ ಹಾಕಿ ಎಷ್ಟೊತ್ತಾತು?" ಎಂದು ಠಾಣೆಯವರು ಕೇಳಿದರು.

ಒಂದೂವರೆ ತಾಸು ಆಗಿತ್ತು. ಅದರಲ್ಲಿ ಹೆಚ್ಚಿನ ಹೊತ್ತು ಇಬ್ಬರು ನಿರಪರಾಧಿಗಳು ಒಬ್ಬರನ್ನೊಬ್ಬರು ಕಳ್ಳರೆಂದು ಬೈಯುವುದರಲ್ಲಿ ಕಳೆದಿತ್ತು. ಅಷ್ಟರಲ್ಲಿ ಹಣದ ಬಹುಪಾಲು ಖಾತೆಯಿಂದ ಖಾತೆಗೆ ಹೋಗಿ ಎಲ್ಲೋ ನಗದಾಗಿ ಹೋಗಿತ್ತು. ಉಳಿದಿದ್ದ ನಾಲ್ಕು ಸಾವಿರವನ್ನು ಬ್ಯಾಂಕು ತಡೆಹಿಡಿಯಿತು.

ಸಂಜೆ ಫಕ್ಕೀರಪ್ಪ ಊರಿಗೆ ಹೊರಟಾಗ ನೀಲಮ್ಮ, "ಅಣ್ಣಾರ, ಒಂದು ಸಲ ಬೆಲಿ ಕೇಳಿದ್ರ ನಾನು ಅಳತಿದ್ದೆ ಅನ್ಕೊಂಡ್ರೇನು?" ಎಂದಳು.

"ಅಳತೀರಿ ಅಂತ ಅಂವ ಹೇಳಿದ್ದ."

"ಅತ್ತಿದ್ರೂ ಕೇಳಬೇಕಿತ್ರಿ. ಅತ್ತು ಹೇಳತಿದ್ದೆ."

ನೀತಿ:

ಮಕ್ಕಳೇ, ಮಾರುವವರು ಮತ್ತು ಕೊಳ್ಳುವವರು ಎದುರೆದುರು ನಿಂತಿರುವಾಗ, ಅವರು ಬೆಲೆ ಮಾತಾಡಬಾರದೆಂದು ಹೇಳುವವನು ಯಾರೇ ಆಗಿರಲಿ, ಅವನನ್ನು ನಂಬಬೇಡಿ. ನಿಮ್ಮ ಪದ್ಧತಿ, ನಿಮ್ಮ ಸಂಕೋಚ, ಇನ್ನೊಬ್ಬರ ದುಃಖದ ಬಗ್ಗೆ ನಿಮಗಿರುವ ಮರ್ಯಾದೆ, ಇವೆಲ್ಲ ಒಳ್ಳೆಯವು. ಮೋಸಗಾರನಿಗೆ ಬೇಕಾಗುವುದೂ ಇವೇ. ಗಾಡಿ ಕಣ್ಣಾರೆ ನೋಡಿದರೆ ಸಾಲದು, ಅದರ ಒಡೆಯರ ಬಾಯಿಂದ ಬೆಲೆ ಕೇಳಬೇಕು. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಹಣ ಅವರ ಖಾತೆಗೇ ಹೋಗಬೇಕು. ಬೇರೆ ಹೆಸರು ಕಂಡರೆ ಬೆರಳು ಅಲ್ಲೇ ನಿಲ್ಲಲಿ. ಮೋಸವಾಯಿತೆಂದು ತಿಳಿದರೆ ಎದುರಿಗಿದ್ದವರ ಮೇಲೆ ಹರಿಹಾಯುವ ಮೊದಲು ೧೯೩೦ಕ್ಕೆ ಫೋನ್ ಮಾಡಿ. ಎದುರಿಗಿದ್ದವರೂ ನಿಮ್ಮ ಹಾಗೆಯೇ ಮೋಸಹೋದವರಾಗಿರಬಹುದು.

ನೀಲಮ್ಮನ ಗಾಡಿಯನ್ನು ಮುಂದಿನ ತಿಂಗಳು ಹಲಗೇರಿಯ ನರ್ಸ್ ಒಬ್ಬರು ಕೊಂಡರು.